ಹೆಸರಿಟ್ಟ ಅರಿವೆ

"ಉಡು, ಹೊದ್ದಕೋ, ಬೇಕಾದ್ರ ತಲೀಗೆ ಸುತ್ತಕೋ. ಹೊಲಿಬ್ಯಾಡ," ಎಂದಳು ಮುದುಕವ್ವ. "ಹೊಲದಿ ಅಂದ್ರ ಹೆಸರ ಇಡಬ್ಯಾಡ. ಹೆಸರ ಇಟ್ಟಿ ಅಂದ್ರ, ಆ ಹೆಸರಿಗೆ ಓ ಅನಬ್ಯಾಡ."

ಮಾಯಾ ನಗು ತಡೆಯಲು ನೋಡಿದಳು, ಆಗಲಿಲ್ಲ.

"ಅಜ್ಜಿ, ಅರಿವಿಗೆ ಯಾರರ ಹೆಸರ ಇಡ್ತಾರೇನ್ರಿ? ರೇಶನ್ ಕಾರ್ಡಿಗೆ ಸೇರಸಾಕ?"

ಮುದುಕವ್ವ ನಗಲಿಲ್ಲ. ತೊಟ್ಟಿಲಲ್ಲಿದ್ದಾಗಲೇ ಇವಳಿಗೆ ಮುದುಕವ್ವ ಎಂದು ಹೆಸರಿಟ್ಟಿದ್ದರಂತೆ. ಎಪ್ಪತ್ತೆಂಟು ವರ್ಷ ಕಾದು ಈಗ ಮೈ ಆ ಹೆಸರಿಗೆ ಸರಿಹೊಂದಿತ್ತು. ಬೆಟಗೇರಿಯ ನೇಕಾರರ ಓಣಿಯಲ್ಲಿ ಅವಳದ್ದು ಹಳೆಯ ಮನೆ. ಮುಂದಿನ ಕೋಣೆಯನ್ನು ಒಂದು ತಿಂಗಳ ಮಟ್ಟಿಗೆ ಮಾಯಾಗೆ ಬಾಡಿಗೆಗೆ ಕೊಟ್ಟಿದ್ದಳು. ಹಳೆಯ ಸೀರೆಗಳನ್ನು ನೋಡಬೇಕು ಎಂದು ಹುಡುಗಿ ಕಾಡಿದ್ದಕ್ಕೆ ಟ್ರಂಕು ತೆರೆದಳು. ಉಳಿದ ಸೀರೆಗಳನ್ನೆಲ್ಲ ಸಲೀಸಾಗಿ ಕೈಗೆ ಕೊಟ್ಟವಳು, ತಳದಲ್ಲಿದ್ದ ಒಂದನ್ನು ಮಾತ್ರ ಮೊಣಕಾಲ ಮೇಲೆ ಇಟ್ಟುಕೊಂಡು ಕೂತುಬಿಟ್ಟಳು.

ಮಾಯಾಳ ಕಣ್ಣು ಅದರ ಮೇಲೆಯೇ ನೆಟ್ಟಿತು. ಮಳೆ ಬಿದ್ದ ಎರೆಹೊಲದ ಕಪ್ಪು. ಅಂಚಿಗೂ ಸೆರಗಿಗೂ ಒಣಗಿದ ರಕ್ತದ ಕೆಂಪು. ಹತ್ತಿರ ತಂದರೆ ಗಂಜಿಯ ವಾಸನೆ, ಹಳೆಯ ಕಬ್ಬಿಣದ ವಾಸನೆ, ಅದರ ಅಡಿಗೆ ಕೂದಲು ಸುಟ್ಟಂಥದ್ದೇನೋ. ಟ್ರಂಕಿನಲ್ಲಿ ಮುಚ್ಚಿಟ್ಟ ಬಟ್ಟೆ ಇನ್ನು ಹೇಗೆ ನಾರೀತು ಎಂದುಕೊಂಡಳು.

"ಬಣ್ಣ ಅಷ್ಟ ನೋಡಿ ಕೊಡ್ತೀನ್ರಿ ಅಜ್ಜಿ. ನಾಳೆ ವಾಪಸ್."

"ಖರೇನು?"

"ನಿಮ್ಮಾಣಿ."

ಆಣೆ ಇಡುವುದು ಮಾಯಾಗೆ ನೀರು ಕುಡಿದಷ್ಟು ಸುಲಭ. ಮುದುಕವ್ವ ನಂಬಿದಳು, ಪಾಪ.

ಮಾಯಾ ಲಕ್ಷ್ಮೇಶ್ವರದವಳು. ಅಂಗನವಾಡಿ ಶಿಕ್ಷಕಿ ಚನ್ನಮ್ಮನ ಒಬ್ಬಳೇ ಮಗಳು. ಪುಣೆಯ ಒಂದು ಕಾರ್ಟೂನ್ ಕಂಪನಿಯಲ್ಲಿ ಆರು ವರ್ಷ ಬೇರೆಯವರ ಪಾತ್ರಗಳಿಗೆ ಮೂಗು, ಕಣ್ಣು, ಬಟ್ಟೆ ಬರೆದಿದ್ದಳು. ಒಂದು ಸಲವೂ ಅವಳ ಹೆಸರು ಪರದೆಯ ಮೇಲೆ ಬರಲಿಲ್ಲ. ಕೊನೆಯಲ್ಲಿ ಸರಸರ ಓಡಿಹೋಗುವ ಸಣ್ಣ ಅಕ್ಷರಗಳ ಗುಂಪಿನಲ್ಲೂ ಇರಲಿಲ್ಲ. ಪ್ರತಿ ಸಲ ಚನ್ನಮ್ಮ ಟೀವಿಯ ಮುಂದೆ ಕನ್ನಡಕ ಹಾಕಿಕೊಂಡು ಹುಡುಕಿ, "ಜಲ್ದಿ ಹೋತವ್ವಾ, ನನಗ ಕಾಣಲಿಲ್ಲ ಅಷ್ಟ," ಎಂದು ಮಗಳಿಗೇ ಸಮಾಧಾನ ಹೇಳುತ್ತಿದ್ದಳು. ಆ ಸಮಾಧಾನ ಮಾಯಾಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಈಗ ಅವಳದ್ದೇ ಒಂದು ಪಾತ್ರವಿತ್ತು, ಕೇದಗಿ. ಕಪ್ಪತಗುಡ್ಡದ ಗವಿಯಲ್ಲಿ ಹುಟ್ಟಿ, ಮೂಡಣ ಸಮುದ್ರದಾಚೆಯ ರೇಷ್ಮೆ ವ್ಯಾಪಾರಿಗಳ ಕೈಯಲ್ಲಿ ಬೆಳೆದು, ಮಗ್ಗದ ಲಾಳಿಯನ್ನೇ ಆಯುಧ ಮಾಡಿಕೊಂಡು ತಿರುಗಿ ಬರುವ ನೇಕಾರರ ಹುಡುಗಿ. ಕೇದಗಿಯ ಕಾಮಿಕ್ಸ್ ಪುಸ್ತಕವನ್ನು ಪ್ರಕಾಶಕರೊಬ್ಬರು ಒಪ್ಪಿದ್ದರು. ನಿಜವಾದ ಉಡುಪು ಹೊಲಿಸಿ, ತೊಟ್ಟು, ಫೋಟೋ ತೆಗೆಸಿ ಸೋಮವಾರದೊಳಗೆ ಕಳಿಸಿದರೆ ಅದೇ ಮುಖಪುಟ. ಕೆಳಗೆ ದಪ್ಪ ಅಕ್ಷರದಲ್ಲಿ 'ಕತೆ, ಚಿತ್ರ, ವೇಷ: ಮಾಯಾ'. ಚನ್ನಮ್ಮ ಆಗಲೇ ಅರ್ಧ ಲಕ್ಷ್ಮೇಶ್ವರಕ್ಕೆ ಡಂಗುರ ಸಾರಿದ್ದಳು.

ಪಾತ್ರಕ್ಕೆ ಒಂದು ನೋಟುಪುಸ್ತಕವನ್ನೇ ಮೀಸಲಿಟ್ಟಿದ್ದಳು ಮಾಯಾ. ಕೇದಗಿಯ ವಯಸ್ಸು, ಹುಟ್ಟಿದ ದಿನ, ನಕ್ಷತ್ರ, ಎಡ ಹುಬ್ಬಿನ ಮೇಲಿನ ಗಾಯ, ಅವಳಿಗೆ ಯಾವುದರ ಭಯ, ಎಲ್ಲ ಅದರಲ್ಲಿತ್ತು. ತಾನೇ ತೊಡಬೇಕಾದ್ದರಿಂದ ಎದೆ, ತೋಳು, ಕೊರಳಿನ ಅಳತೆಯೆಲ್ಲ ತನ್ನದೇ. ಜಡೆಯ ಬಣ್ಣ ತಪ್ಪಬಾರದೆಂದು ತನ್ನ ನಾಲ್ಕು ಕೂದಲು ಕತ್ತರಿಸಿ ಪುಟಕ್ಕೆ ಅಂಟಿಸಿದ್ದಳು. ಹೆಸರು, ನಕ್ಷತ್ರ, ಮೈಯ ಅಳತೆ, ಕೂದಲು. ಇಷ್ಟನ್ನು ಒಂದೆಡೆ ಕೂಡಿಸುವವರು ಬೇರೆಯವರೂ ಇದ್ದಾರೆ, ಅವರ ಕಸುಬು ಮಾಟ. ಮಾಯಾಗೆ ಅದು ಹೊಳೆಯಲಿಲ್ಲ.

ಉಡುಪಿನ ಕಲ್ಪನೆ ಮಾತ್ರ ಚೆಂದವಿತ್ತು, ಸುಳ್ಳು ಹೇಳಬಾರದು. ಜಪಾನಿನ ಕಿಮೊನೊದಲ್ಲಿ ಬಟ್ಟೆಯನ್ನು ದುಂಡಗೆ ಕತ್ತರಿಸುವುದಿಲ್ಲ. ಮಗ್ಗದಿಂದ ಇಳಿದ ನೇರ ಪಟ್ಟಿಗಳನ್ನೇ ಒಂದಕ್ಕೊಂದು ಜೋಡಿಸುತ್ತಾರೆ. ನಮ್ಮ ಸೀರೆಯೂ ನೇರ ಪಟ್ಟಿಯೇ. ಬೆಟಗೇರಿಯ ಕಪ್ಪು ಸೀರೆಯಿಂದ ಆ ಅಗಲ ತೋಳು, ಚೀನಾದ ಹಳೆಯ ಉಡುಪಿನ ಹಾಗೆ ಎದೆಯ ಮೇಲೆ ಅಡ್ಡ ಹಾಯುವ ಕೊರಳಪಟ್ಟಿ, ಕೊರಿಯಾದವರ ಹಾಗೆ ಎದೆಯ ಮಗ್ಗುಲಿಗೆ ಕಟ್ಟುವ ಉದ್ದ ಲಾಡಿ, ನಡುವಿಗೆ ಸೆರಗಿನ ಕೆಂಪಿನಿಂದ ಗೇಣಗಲದ ನಡುಪಟ್ಟಿ. ಪುಟದ ಅಂಚಿಗೆ ಕೆಂಪು ಶಾಯಿಯಲ್ಲಿ ಒಂದು ಎಚ್ಚರಿಕೆ ಬರೆದುಕೊಂಡಿದ್ದಳು: ಎಡಮಡಿಕೆ ಯಾವಾಗಲೂ ಬಲದ ಮೇಲೆ. ಬಲದ್ದು ಎಡದ ಮೇಲೆ ಬಂದರೆ ಅದು ಹೆಣಕ್ಕೆ ತೊಡಿಸುವ ರೀತಿ.

ಜಪಾನಿನ ಹೆಣದ ರಿವಾಜನ್ನು ಕೆಂಪಕ್ಷರದಲ್ಲಿ ಬರೆದುಕೊಂಡವಳಿಗೆ ಬೆಟಗೇರಿಯ ಮುದುಕಿಯ ಮಾತು ಮೂಢನಂಬಿಕೆಯಾಗಿ ಕಂಡಿತು.

ಮಧ್ಯಾಹ್ನ ಬಾಗಿಲು ಹಾಕಿಕೊಂಡು ಸೀರೆಗೆ ಕತ್ತರಿ ಇಟ್ಟಳು. ಬಟ್ಟೆ ಚರ್ ಎನ್ನಲಿಲ್ಲ. ಬಹಳ ಹೊತ್ತು ಹಿಡಿದಿದ್ದ ಉಸಿರನ್ನು ಯಾರೋ ಬಿಟ್ಟ ಹಾಗೆ ಹಾ ಎಂದಿತು. ಕೋಣೆಯಲ್ಲಿ ಸುಟ್ಟ ಕೂದಲಿನ ವಾಸನೆ ಏರಿತು. ಕಿಟಕಿ ತೆರೆದಳು, ಸೀನಿದಳು, ಮುಂದುವರಿಸಿದಳು.

ಮರುದಿನ ಮುದುಕವ್ವ ಕೇಳಿದಾಗ "ಇನ್ನೊಂದ ದಿನಾ" ಎಂದಳು. ಅದರ ಮರುದಿನವೂ ಅದನ್ನೇ ಅಂದಳು. ನಾಲ್ಕನೆಯ ದಿನ ಉಡುಪು ಮುಗಿಯಿತು. ತೋಳುಗಳೊಳಗೆ ಬಿದಿರಿನ ಕೋಲು ತೂರಿಸಿ, ಎರಡೂ ಕೈ ಚಾಚಿದ ಹಾಗೆ ಗೋಡೆಗೆ ನೇತುಹಾಕಿ ಚಹಾ ಕುಡಿಯಲು ಹೋದಳು. ಬಂದು ನೋಡಿದರೆ ಕೋಲು ನೆಲದ ಮೇಲಿತ್ತು. ತೋಳೆರಡೂ ಎದೆಯ ಮೇಲೆ ಮಡಚಿಕೊಂಡಿದ್ದವು. ಫ್ಯಾನಿನ ಗಾಳಿಗೆ ಹೀಗಾಗಿರಬೇಕು ಎಂದುಕೊಂಡಳು. ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ ಎಂಬುದು ಅವಳಿಗೆ ನೆನಪಾಗಲಿಲ್ಲವೋ, ನೆನಪು ಮಾಡಿಕೊಳ್ಳಲು ಮನಸ್ಸಾಗಲಿಲ್ಲವೋ.

ರವಿವಾರ ಹೊನ್ನೇಶ ಬಂದ. ಲಕ್ಷ್ಮೇಶ್ವರದ ಹೈಸ್ಕೂಲಿನಲ್ಲಿ ಮಾಯಾಳ ಜೊತೆ ಓದಿದವನು, ಈಗ ಗದಗಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ಮುದುಕವ್ವ ಜೋಳದ ಬುಟ್ಟಿ ಹೊತ್ತು ಓಣಿಯ ಕೊನೆಯ ಗಿರಣಿಗೆ ಹೋಗುವುದನ್ನೇ ಕಾದು ಇಬ್ಬರೂ ಹಿಂದಿನ ಮಗ್ಗದ ಕೋಣೆಗೆ ನುಗ್ಗಿದರು.

ಅದು ಕುಣಿ ಮಗ್ಗ. ನೆಲದಲ್ಲಿ ಮೊಣಕಾಲುದ್ದದ ಗುಂಡಿ. ನೇಯುವವರು ನೆಲದ ಮೇಲೆ ಕೂತು ಕಾಲನ್ನು ಅದರೊಳಗೆ ಇಳಿಬಿಡುತ್ತಾರೆ. ಈ ಮಗ್ಗದ ಸದ್ದು ನಿಂತು ಎಷ್ಟೋ ಕಾಲವಾಗಿತ್ತು. ಒಂದೇ ಕಿಟಕಿ. ಹೊರಗೆ ಏಪ್ರಿಲ್‌ನ ಬಿಸಿಲು ಕಣ್ಣು ಕುಕ್ಕುತ್ತಿದ್ದರೂ ಗುಂಡಿಯೊಳಗೆ ಮಾತ್ರ ತಂಪು ಕತ್ತಲೆ.

"ಮಾಯಾ, ಒಂಚೂರು ಈ ಕಡೆ ತಿರುಗು."

"ಕೇದಗಿ ಅನ್ನು. ಈ ಅರಿವಿ ಮೈಮ್ಯಾಲೆ ಇರೂತನಾ ಮಾಯಾ ಅಂದ್ರ ನಾ ಓ ಅನ್ನಂಗಿಲ್ಲ."

"ಭಾರಿ ಆತು ನಿಂದು."

"ವೇಷ ಹಾಕೊಳ್ಳೋರ ರೂಲ್ಸ್ ಅದು. ಹಾಕ್ಕೊಂಡ ಮ್ಯಾಲೆ ಪಾತ್ರದ ಹೆಸರಿಗಷ್ಟ ಓ ಅನಬೇಕು." ಮಾಯಾ ನಕ್ಕಳು. "ನಮ್ಮ ಅಜ್ಜಿದು ಉಲ್ಟಾ. ಆಕಿ ಯಾರನ್ನೂ ಹೆಸರ ಹಿಡದು ಕರಿಯಂಗಿಲ್ಲ, ತಂಗಿ, ಇವಳ, ಅಷ್ಟ. ಮಧ್ಯಾಹ್ನ ಯಾರರ ಹೊರಗಿಂದ ಕೂಗಿದ್ರ, ಮಾರಿ ಕಾಣೂತನಾ ಬಾಯಿ ಬಿಡಂಗಿಲ್ಲ." ಕುತ್ತಿಗೆ ಚಾಚಿ, ಕಣ್ಣು ಕಿರಿದು ಮಾಡಿ ಮುದುಕವ್ವನ ಅಣಕವಾಡಿದಳು. ಹೊನ್ನೇಶನೂ ನಕ್ಕ.

ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡಳು. ಕೊರಳಪಟ್ಟಿಯ ಬಲಮಡಿಕೆ ಎಡದ ಮೇಲೆ ಕಂಡಿತು. ಕನ್ನಡಿ ಎಲ್ಲವನ್ನೂ ತಿರುವಿ ತೋರಿಸುತ್ತದೆ ಎಂದುಕೊಂಡು ಹೋಗಿ ಮಗ್ಗದ ಮುಂದೆ ಕೂತಳು. ಕಾಲು ಗುಂಡಿಗೆ ಇಳಿಬಿಟ್ಟಳು. ಪಾದಕ್ಕೆ ತಣ್ಣನೆಯ ಮಣ್ಣು ತಾಗಿತು.

ನಾಲ್ಕು ಫೋಟೋ ಆಗುವಷ್ಟರಲ್ಲಿ ಬ್ಯಾಟರಿ ಮುಗಿಯಿತು. ಇನ್ನೊಂದು ಬೈಕಿನ ಬ್ಯಾಗಿನಲ್ಲಿದೆ ಎಂದು ಹೊನ್ನೇಶ ಹೊರಗೆ ಹೋದ. ಓಣಿಯಲ್ಲಿ ಎಲ್ಲೋ ಒಂದು ಪಾವರ್‌ಲೂಮ್ ಟಕಟಕ ಎನ್ನುತ್ತಿತ್ತು. ಆಮೇಲೆ ಅದೂ ನಿಂತಿತು.

"ಕೇದಗೀ..."

"ಓ," ಎಂದಳು ಮಾಯಾ.

ನಡುಪಟ್ಟಿ ಸಣ್ಣಗೆ ಬಿಗಿಯಿತು. ಯಾರೋ ಹಿಂದೆ ನಿಂತು ಗಂಟನ್ನು ಜಗ್ಗಿದ ಹಾಗೆ.

ಬಾಗಿಲಲ್ಲಿ ಹೊನ್ನೇಶ ಕಾಣಿಸಿಕೊಂಡ. ಕಿವಿಗೆ ಫೋನ್ ಇತ್ತು. "ಯಾರಿಗೆ ಓ ಅಂದಿ?"

"ನೀನ ಕರದಿಯಲ್ಲ."

"ನಾ ಗಾಡಿ ಹತ್ರ ಫೋನಿನ್ಯಾಗ ಮಾತಾಡಾಕತ್ತಿದ್ದೆ."

ಆಗ ಮಾಯಾಗೆ ಒಂದು ವಿಷಯ ಹೊಳೆಯಿತು. ಕರೆದ ದನಿ ಬಾಗಿಲ ಕಡೆಯಿಂದ ಬಂದಿರಲಿಲ್ಲ. ಮೊಣಕಾಲಿನ ಕೆಳಗಿನಿಂದ ಬಂದಿತ್ತು.

ಎದ್ದು ನಿಲ್ಲಲು ನೋಡಿದಳು. ಕಾಲು ಬರಲಿಲ್ಲ. ಉಡುಪಿನ ಕೆಳ ಅಂಚು ಗುಂಡಿಯ ಮಣ್ಣಿಗೆ ಅಂಟಿಕೊಂಡಿತ್ತು. ಲಾಡಿಯ ಗಂಟಿಗೆ ಕೈ ಹಾಕಿದಳು. ಗಂಟೇ ಇರಲಿಲ್ಲ. ಲಾಡಿ ಬಟ್ಟೆಯೊಳಗೆ ಸೇರಿಹೋಗಿ ಎದೆ ಸಪಾಟಾಗಿತ್ತು. ಕೊರಳಪಟ್ಟಿ ತಡವಿದಳು. ಬಲದ್ದು ಎಡದ ಮೇಲಿತ್ತು. ಕನ್ನಡಿ ಸುಳ್ಳು ಹೇಳಿರಲಿಲ್ಲ.

"ಬಿಚ್ಚು ಹೊನ್ನೇಶ. ಜಲ್ದಿ ಬಿಚ್ಚು. ಉಸರ ಹಿಡಿಯಾಕತ್ತೈತಿ."

ಅವನು ಹೊಲಿಗೆ ಹುಡುಕಿದ. ಹೊಲಿಗೆ ಇಲ್ಲ. ನಾಲ್ಕು ದಿನ ಕೂತು ಹಾಕಿದ ಸಾವಿರ ಹೊಲಿಗೆಗಳಲ್ಲಿ ಒಂದೂ ಇಲ್ಲ. ಮಗ್ಗದಿಂದಲೇ ಹಾಗೆ ಇಳಿದು ಬಂದಂತೆ ಇಡೀ ಉಡುಪು ಒಂದೇ ಬಟ್ಟೆ. ತೋಳಿನ ಬಾಯಿ ಮುಚ್ಚುತ್ತಿತ್ತು. ಬೆರಳು ಒಳಗೆ ಹೋದವು. ಕೈ ಒಳಗೆ ಹೋಯಿತು. ಅವನು ಕತ್ತರಿ ತಂದು ತೋಳಿಗೆ ಇಟ್ಟ. ಒತ್ತಿದ. ಮಾಯಾ ಚೀರಿದಳು. ಬಟ್ಟೆಯ ಗಾಯದಿಂದ ರಕ್ತ ಬಂತು. ಬಿಸಿ ರಕ್ತ, ಅವಳದ್ದೇ.

ಕತ್ತರಿ ಬಿಸಾಡಿ ಹೊನ್ನೇಶ ಗಿರಣಿಯ ಕಡೆ ಓಡಿದ.

ಒಬ್ಬಳೇ ಉಳಿದಳು. ಗಂಜಿಯ ವಾಸನೆ ಮೂಗಿಗೆ ಹತ್ತಿತು. ಸುಟ್ಟ ಕೂದಲಿನ ವಾಸನೆ ಬಾಯಿಗೆ ಹತ್ತಿತು. ಒಳಗೆಳೆದ ಉಸಿರಿನಷ್ಟು ಜಾಗವನ್ನೂ ಬಟ್ಟೆ ತಿರುಗಿ ಬಿಟ್ಟುಕೊಡಲಿಲ್ಲ. ತೋಳುಗಳು ತಾವಾಗಿಯೇ ಮೇಲೆದ್ದು ಎದೆಯ ಮೇಲೆ ಮಡಚಿಕೊಂಡವು, ಅವಳ ಕೈಗಳನ್ನೂ ಕರೆದುಕೊಂಡು. ಕಿಟಕಿಯಲ್ಲಿ ಬಿಸಿಲಿತ್ತು. ಹೊರಗೆ ಯಾರೋ ಸೈಕಲ್ ಬೆಲ್ ಹೊಡೆಯುತ್ತ ಹೋದರು. ಹತ್ತು ಹೆಜ್ಜೆ ದೂರ. ಕೂಗಲು ಬಾಯಿ ತೆರೆದಳು. ಕೊರಳಪಟ್ಟಿ ಗದ್ದದವರೆಗೆ ಏರಿತು.

ಮುದುಕವ್ವ ಕೈತುಂಬ ಹಿಟ್ಟು ಮೆತ್ತಿಕೊಂಡೇ ಬಂದಳು. ಬಾಗಿಲಲ್ಲಿ ನಿಂತು ನೋಡಿದಳು. ಬೈಯಲಿಲ್ಲ. ಹಣೆ ಚಚ್ಚಿಕೊಂಡಳು.

"ಹೊಲದೀ? ಹೊಲದ ಬಿಟ್ಟೀ ತಂಗಿ?"

"ಏನೈತ್ರಿ ಅಜ್ಜಿ ಇದರಾಗ?" ಹೊನ್ನೇಶ ಕೇಳಿದ. "ಕೇದಗಿ ಅಂತ ಯಾರೋ ಕರದ್ರು, ಈಕಿ ಓ ಅಂದಳು."

ಮುದುಕವ್ವ ಗುಂಡಿಯ ಕಡೆ ನೋಡದೆ ಹೇಳಿದಳು. "ನನ್ನ ನೆಗೆಣ್ಣಿ, ನಮ್ಮ ಮೈದುನನ ಹೇಣ್ತಿ ದೇವವ್ವ, ಈ ಮಗ್ಗದ ಮ್ಯಾಲೆ ಕುಂಡ್ರತಿದ್ದಳು. ಯಾರೋ ಆಕಿ ಸೀರಿ ತುಂಡು ಕದ್ದು, ಗೊಂಬಿ ಹೊಲದು, ಆಕೀ ಹೆಸರ ಇಟ್ಟು ಈ ಕುಣ್ಯಾಗ ಹುಗದಿದ್ದರು. ಒಂದಿನಾ ಮಧ್ಯಾಹ್ನ ಕುಣಿ ಆಕೀನ್ನ ಕರೀತು. ಆಕಿ ಓ ಅಂದಳು. ಉಟ್ಟ ಸೀರೀನ ಆಕೀನ್ನ ಹಿಂಡಿಬಿಟ್ಟಿತು. ಗೊಂಬಿ ಸುಟ್ಟೆ, ಸುಡಲಿಲ್ಲ. ಗೊಂಬಿ, ಆಕಿ ಉಟ್ಟ ಸೀರಿ ಎರಡೂ ಬಿಚ್ಚಿದೆ, ನೂಲಾತು. ನೂಲನ್ನ ನೇಯ್ದೆ, ಸೀರಿ ಆತು. ಸೀರಿಗೆ ಕೈಯಿಲ್ಲ, ಕೊರಳಿಲ್ಲ, ಹೆಸರಿಲ್ಲ. ಅಲ್ಲಿಗೆ ಮಲಕೊಂತು. ಹೊಳಿಗೆ ಬಿಟ್ಟರ ಯಾರರ ಎತಗೊಂಡ ಹೊಲಿತಾರಂತ ಟ್ರಂಕಿನ್ಯಾಗ ಇಟಗೊಂಡು ಕುಂತೆ. ನಲವತ್ತ ವರ್ಷ ಕುಂತೆ." ಒದ್ದೆ ಕಣ್ಣಿನಿಂದ ಮಾಯಾಳ ಕಡೆ ತಿರುಗಿದಳು. "ನೀ ಅದಕ್ಕ ತೋಳ ಕೊಟ್ಟಿ, ಕೊರಳ ಕೊಟ್ಟಿ, ಹೆಸರೂ ಕೊಟ್ಟಿ. ಜೀವ ಒಂದ ಕಡಿಮಿ ಇತ್ತು."

ಮಾಯಾಳ ತುಟಿ ನೀಲಿಯಾಗಿತ್ತು. "ಬಿಡಸ್ರಿ," ಎಂದಿದ್ದು ಉಸಿರಿನಷ್ಟೇ ಕೇಳಿಸಿತು.

"ಆವಾಗ ಮಾಟಾ ಬಲ್ಲಾಂವೊಬ್ಬ ಮುಂಡರಗಿ ಕಡಿಂದ ಬಂದು ಒಂದ ದಾರಿ ಹೇಳಿದ್ದ. ಜೀವ ಬಿಡಬೇಕು, ಇಲ್ಲಾ ಹೆಸರ ಬಿಡಬೇಕು. ಹಡದು ಹೆಸರ ಇಟ್ಟ ತಾಯಿ ಆ ಹೆಸರ ಹಿಡದು ಮೂರ ಸಲ ಕರೀಬೇಕು. ನೀ ಓ ಅನಬ್ಯಾಡ. ನೀ ಅನದಿದ್ರ ಅದು ಅಂತೈತಿ. ಅಂದ್ರ ಹೆಸರ ಅದರದ್ದು, ಜೀವ ನಿಂದು. ದೇವವ್ವಗ ತಾಯಿ ಇರಲಿಲ್ಲ. ಕರಿಯಾಕ ಯಾರೂ ಇರಲಿಲ್ಲ."

"ಹೋದ ಹೆಸರ ಮತ್ತ ತಿರಗಿ ಬರತೈತೇನ್ರಿ?" ಹೊನ್ನೇಶ ಕೇಳಿದ.

ಮುದುಕವ್ವ ಅವನ ಫೋನಿನ ಕಡೆ ಕೈ ಮಾಡಿದಳು.

ಉಸಿರಿಗೆ ಜಾಗವಿಲ್ಲದ ಆ ಹೊತ್ತಿನಲ್ಲೂ ಮಾಯಾಳ ಕಣ್ಣ ಮುಂದೆ ಬಂದದ್ದು ಮುಖಪುಟ. ದಪ್ಪ ಅಕ್ಷರ. ಆರು ವರ್ಷ ಕಾದ ಮೂರಕ್ಷರವೂ ಇಲ್ಲದ ಆ ಪುಟ್ಟ ಹೆಸರು. ನಗಬೇಡಿ, ಮನುಷ್ಯರ ಆಸೆ ಹಾಗೆಯೇ. ಅಷ್ಟರಲ್ಲಿ ಪಕ್ಕೆಲುಬೊಂದು ಲಟಕ್ ಎಂದಿತು. ಅವಳು ತಲೆಯಾಡಿಸಿದಳು.

ಹೊನ್ನೇಶ ಚನ್ನಮ್ಮನಿಗೆ ಫೋನ್ ಹಚ್ಚಿದ. "ನಿಮ್ಮ ಮಗಳ ಜೋಡಿ ಮಾತಾಡ್ರಿ," ಎಂದಷ್ಟೇ ಹೇಳಿ ಸ್ಪೀಕರ್ ಒತ್ತಿ ಮಗ್ಗದ ಮೇಲಿಟ್ಟ.

"ಮಾಯಾ? ಊಟ ಆತೇನವ್ವಾ?"

ಮಾಯಾ ಹಲ್ಲು ಕಚ್ಚಿದಳು.

"ಮಾಯಾ, ಕೇಳವಲ್ದೇನ? ಯಾಕ, ಸಿಟ್ಟಾಗಿಯೇನು? ಪುಸ್ತಕದ ಮ್ಯಾಲೆ ನಿನ್ನ ಹೆಸರ ಹೆಂಗ ಬರತೈತಿ ನೋಡಬೇಕವ್ವಾ ನಾ. ಹೊಸಾ ಕನ್ನಡಕ ಮಾಡಿಸೇನಿ."

ಕಣ್ಣೀರು ಕೊರಳಪಟ್ಟಿಯ ಮೇಲೆ ಬಿತ್ತು. ಬಟ್ಟೆ ಅದನ್ನು ಕುಡಿಯಿತು. ಒಂದೇ ಒಂದು 'ಓ'. ಹುಟ್ಟಿದಾಗಿನಿಂದ ಈ ದನಿಗೆ ತಡಮಾಡದೆ ಹೇಳಿದ 'ಓ'. ನಾಲಿಗೆಯ ತುದಿಗೆ ಬಂದಿತ್ತು. ನಾಲಿಗೆ ಕಚ್ಚಿದಳು. ಬಾಯಿ ಉಪ್ಪಾಯಿತು.

"ಮಾಯಾ!" ಚನ್ನಮ್ಮನ ದನಿಯಲ್ಲಿ ಅಂಜಿಕೆ ಇತ್ತು. "ಏನಾತ? ಮಾತಾಡವಾ!"

ಮಾಯಾ ಕಚ್ಚಿದ ನಾಲಿಗೆ ಬಿಡಲಿಲ್ಲ.

"ಓ."

ತೋಳಿನೊಳಗಿನಿಂದ ಬಂತು. ಮಾಯಾಳದ್ದೇ ದನಿ, ಇನ್ನೂ ಸ್ವಲ್ಪ ಮೃದು.

"ಓ, ಯವ್ವಾ. ಇಲ್ಲೇ ಅದೀನಿ."

"ಅಯ್ಯ, ಜೀವ ಹೋದಂಗಾಗಿತ್ತಲ್ಲಾ ನಂದು!"

ನಡುಪಟ್ಟಿ ಸಡಿಲವಾಯಿತು. ಲಾಡಿ ಕಂಡಿತು, ಗಂಟು ಕಂಡಿತು. ಮುದುಕವ್ವ ಮತ್ತು ಹೊನ್ನೇಶ ಕಂಕುಳಿಗೆ ಕೈ ಹಾಕಿ ಎಳೆದರು. ಅವಳು ನೆಲದ ಮೇಲೆ ಬಿದ್ದು ಕೆಮ್ಮಿದಳು, ಉಸಿರನ್ನು ಗಬಗಬ ತಿಂದಳು. ಉಡುಪು ಗುಂಡಿಯ ಅಂಚಿನಲ್ಲಿ ಕೂತೇ ಇತ್ತು. ಅದರ ಖಾಲಿ ಕೊರಳು ಫೋನಿನ ಕಡೆ ಬಾಗಿತ್ತು. "ಊಟ ಆತವ್ವಾ. ರೊಟ್ಟಿ, ಝುಣಕ. ನಿಂದಾತ?" ಎಂದು ಕೇಳುತ್ತಿತ್ತು.

ನಾವೂ ಇನ್ನು ಆ ಹೆಸರು ಹಿಡಿಯುವುದು ಬೇಡ. ಅವಳದ್ದಲ್ಲ ಅದು.

ನಾಲ್ಕು ತಿಂಗಳಾದವು. ಪುಸ್ತಕ ಬಂತು, ಚೆನ್ನಾಗಿಯೇ ಬಂತು. ಮುಖಪುಟದ ಕೆಳಗೆ, ದಪ್ಪ ಅಕ್ಷರ ಇರಬೇಕಾದ ಕಡೆ, ಅವಳಿಗೆ ಬರೀ ಕಪ್ಪು ಕಾಣುತ್ತದೆ. ಹೊನ್ನೇಶ ಕರೆದರೆ ಅವನ ತುಟಿ ಅಲುಗುವುದಷ್ಟೇ ಕಾಣುತ್ತದೆ, ದನಿ ಬರುವುದಿಲ್ಲ. ಉಡುಪು ಮುದುಕವ್ವನ ಟ್ರಂಕಿನಲ್ಲಿದೆ. ಈಗ ಅದನ್ನು ಬಿಚ್ಚಿ ನೂಲು ಮಾಡುವ ಹಾಗಿಲ್ಲ. ಮುದುಕವ್ವ ಒಂದು ಎಳೆ ಜಗ್ಗಿ ನೋಡಿದಾಗ ಹುಡುಗಿಯ ಬೆರಳಿನ ಚರ್ಮ ಸುಲಿದು ಬಂದಿತ್ತು.

ಬೆಟಗೇರಿ ಬಿಟ್ಟು ಹೋಗಲೂ ಆಗುವುದಿಲ್ಲ. ಅವ್ವನ ಫೋನ್ ದಿನಾ ಬರುತ್ತದೆ. ಮೊದಲ ವಾರ ಅವಳೇ ಮಾತಾಡಲು ನೋಡಿದಳು. "ಯವ್ವಾ, ನಾನವ್ವಾ," ಎಂದಳು. "ಯಾರವ್ವಾ ನೀ? ನನ್ನ ಮಗಳಿಗೆ ಕೊಡು ಫೋನ್," ಎಂದಳು ಚನ್ನಮ್ಮ. ಇವಳು ಅತ್ತಳು, ಹುಟ್ಟಿದ ದಿನ ಹೇಳಿದಳು, ಚಿಕ್ಕಂದಿನಲ್ಲಿ ಬಿದ್ದ ಗಾಯ ಹೇಳಿದಳು. ಚನ್ನಮ್ಮ ಅಂಜಿ ಫೋನ್ ಇಟ್ಟುಬಿಟ್ಟಳು. ಆ ರಾತ್ರಿ ಅವ್ವ ಊಟ ಮಾಡಲಿಲ್ಲವೆಂದು ಹೊನ್ನೇಶನಿಂದ ಖಬರು ಬಂತು. ಅಂದಿನಿಂದ ಅವಳು ಟ್ರಂಕಿನ ಮುಚ್ಚಳ ನಾಲ್ಕು ಬೆರಳು ಎತ್ತಿ, ಸಂದಿಗೆ ಫೋನ್ ಹಿಡಿದು, ಪಕ್ಕದಲ್ಲಿ ಕೂರುತ್ತಾಳೆ.

ಇವತ್ತೂ ಹಾಗೆಯೇ ಕೂತಿದ್ದಳು.

"ಪುಸ್ತಕ ಇಡೀ ಓಣಿಗೆ ತೋರಿಸೇನಿ," ಎನ್ನುತ್ತಿದ್ದಳು ಚನ್ನಮ್ಮ. "ನೀ ಈಗೀಗ ಎಷ್ಟ ಅಂತಃಕರಣದಿಂದ ಮಾತಾಡ್ತಿ. ಮೊದಲೆಲ್ಲಾ ಹೂಂ ಉಹೂಂ ಅಷ್ಟ ಇತ್ತು." ಆ ಮಾತಿನ ಕೊನೆಗೆ ಒಂದು ಹೆಸರಿತ್ತು. ಟ್ರಂಕಿನ ಪಕ್ಕ ಕೂತವಳಿಗೆ ಅದು ಕೇಳಿಸಲಿಲ್ಲ. "ಈ ರವಿವಾರ ಊರಿಗೆ ಬರ್ತಿ ಇಲ್ಲೋ?"

"ಓ, ಬರ್ತೀನೆವ್ವಾ," ಎಂದಿತು ಟ್ರಂಕು.

"ಒಬ್ಬಾಕೀನ ಬಾ. ನಿನ್ನ ಫೋನ್ ಎತ್ತತಾಳಲ್ಲಾ, ಅಳಕೋಂತ, ಆ ಹುಡುಗಿ. ಆಕೀನ್ನ ಕರಕೊಂಡ ಬರಬ್ಯಾಡ. ಆಕೀ ದನಿ ಕೇಳಿದ್ರ ನನಗ ಅಂಜಿಕಿ ಬರತೈತಿ."

ಮುಚ್ಚಳದ ನಾಲ್ಕು ಬೆರಳಿನ ಸಂದಿಯಿಂದ ಕಪ್ಪು ತೋಳೊಂದು ನಿಧಾನ ಹೊರಗೆ ಬಂದು, ಅವಳ ಕೈಯಿಂದ ಫೋನನ್ನು ಮೆಲ್ಲಗೆ ತೆಗೆದುಕೊಂಡಿತು.

"ಇಲ್ಲಬೇ ಯವ್ವಾ. ಆಕೀನ್ನ ಇಲ್ಲೇ ಟ್ರಂಕಿನ್ಯಾಗ ಇಟ್ಟ ಬರ್ತೀನಿ."